ಅಂಡಮಾನಿನ ಬಂಕರುಗಳನ್ನು ಕಟ್ಟಿದವರ ಹೆಸರಲ್ಲಿ ಒಂದು ಬಹಿರಂಗ ಪತ್ರ

ಮಾನ್ಯರೇ,

ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನಿ ಸೇನೆ ಅಂಡಮಾನಿನ ಕಡಲ ದಂಡೆಯ ಮೇಲೆ ಕಟ್ಟಿಸಿದ ಬಂಕರುಗಳ ಬಗ್ಗೆ ಈ ಪತ್ರ. ಅವನ್ನು ಕಾಪಾಡುವ, ಪ್ರವಾಸಿಗರಿಗೆ ತೋರಿಸುವ, ಪಕ್ಕದಲ್ಲಿ ಫಲಕ ನಿಲ್ಲಿಸುವ ಹೊಣೆ ಯಾರ ಯಾರ ಮೇಲಿದೆಯೋ ಅವರೆಲ್ಲರಿಗೂ ಬರೆಯುತ್ತಿದ್ದೇನೆ. ಬೆಂಗಳೂರಿನಿಂದ ನೇರ ವಿಮಾನ ಹತ್ತಿ ಅಲ್ಲಿಗೆ ಹೋಗಿಬರುವ ನಮ್ಮ ಜನರೂ ಓದಲಿ ಎಂದು ಕನ್ನಡದಲ್ಲೇ ಬರೆದಿದ್ದೇನೆ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಬಂಕರು ಕಟ್ಟುವಾಗ ಕಲ್ಲು ಮಣ್ಣು ಹೊತ್ತ ದ್ವೀಪದ ಜನರ ಕಥೆಯನ್ನು ಆ ಬಂಕರಿನ ಪಕ್ಕದಲ್ಲೇ ಬರೆಸಿ. ಜಪಾನಿ ಆಳ್ವಿಕೆಯ ಮೂರೂವರೆ ವರ್ಷಗಳಲ್ಲಿ ಪ್ರಾಣ ಕಳೆದುಕೊಂಡವರ ಪೈಕಿ ಎಷ್ಟು ಜನರ ಹೆಸರು ಸಿಗುತ್ತದೆಯೋ ಅಷ್ಟನ್ನೂ ಬರೆಸಿ. ಬಂಕರು ನೋಡಲು ಬಂದವರಿಗೆ, ಜಪಾನಿಯರು 44 ಜನರನ್ನು ಗುಂಡಿಕ್ಕಿ ಕೊಂದ ಹೊಂಫ್ರೆಗಂಜ್ ಹಳ್ಳಿಯ ದಾರಿ ತೋರಿಸಿ.

ನಾನು ಇತಿಹಾಸ ಓದಿದವನಲ್ಲ. ಕಟ್ಟಡದ ಸೈಟುಗಳಲ್ಲೇ ದುಡಿದು ನಿವೃತ್ತನಾದ ಎಂಜಿನಿಯರ್. ಅಪಾರ್ಟ್‌ಮೆಂಟು, ಸೇತುವೆ, ನೀರಿನ ಟ್ಯಾಂಕು ಎಂದು ಜೀವಮಾನವೆಲ್ಲ ಕಾಂಕ್ರೀಟ್ ಹಾಕಿಸಿದವನು. ಹಾಗಾಗಿ ಪೋರ್ಟ್ ಬ್ಲೇರಿನ ಕಾರ್ಬಿನ್ಸ್ ಕೋವ್ ಬೀಚಿನ ಕಡೆಗೆ ಹೋಗುವ ಕಡಲ ಬದಿಯ ರಸ್ತೆಯಲ್ಲಿ ನಮ್ಮ ಗುಂಪಿನವರೆಲ್ಲ ಬಂಕರಿನ ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳುತ್ತಿದ್ದಾಗ ನನ್ನ ಕಣ್ಣು ಗೋಡೆಯ ಮೇಲೆ ನೆಟ್ಟಿತು. ಬಗ್ಗಿ ಒಳಗೆ ಹೋದೆ. ಬಾಗಿಲು ಎಷ್ಟು ತಗ್ಗು ಎಂದರೆ ಸೊಂಟ ಮುರಿದುಕೊಂಡೇ ನುಗ್ಗಬೇಕು. ಒಳಗೆ ಬಿಸಿ, ಥಂಡಿ ಎರಡೂ ಒಟ್ಟಿಗೆ ಇರುವಂಥ ಗಾಳಿ. ಮೂತ್ರದ ನಾತ, ಚಿಪ್ಸಿನ ಖಾಲಿ ಪೊಟ್ಟಣ, ಗೋಡೆಯ ಮೇಲೆ ಮೊಳೆಯಿಂದ ಗೀಚಿದ ಪ್ರೇಮಿಗಳ ಹೆಸರು. ಇವೆಲ್ಲ ಎಲ್ಲ ಹಳೆ ಕಟ್ಟಡಗಳಲ್ಲೂ ಇರುವಂಥದ್ದೇ. ನನ್ನನ್ನು ನಿಲ್ಲಿಸಿದ್ದು ಸೂರು. ಮೊಬೈಲಿನ ಬೆಳಕು ಹಾಯಿಸಿ ನೋಡಿದರೆ ಅದರ ತುಂಬ ಸೆಂಟ್ರಿಂಗ್ ಹಲಗೆಯ ಅಚ್ಚು. ಒಂದೊಂದು ಹಲಗೆಯ ಅಂಚೂ ಎದ್ದು ಕಾಣುತ್ತದೆ, ಮರದ ಎಳೆಯೂ ಕಾಣುತ್ತದೆ. ಎರಡು ಹಲಗೆ ಸರಿಯಾಗಿ ಕೂಡದ ಕಡೆ ಸಿಮೆಂಟಿನ ಹಾಲು ಸೋರಿ ಗಟ್ಟಿಯಾಗಿ ನಿಂತಿದೆ. ಒಂದು ಮೂಲೆಯಲ್ಲಿ ಜಲ್ಲಿ ಸರಿಯಾಗಿ ಇಳಿಯದೆ ಜೇನುಗೂಡಿನಂತೆ ತೂತುಬಿದ್ದಿದೆ. ಸೈಟಿನಲ್ಲಿ ಅಂಥದ್ದನ್ನು ಕಂಡರೆ ಏನು ನಡೆದಿದೆ ಎಂದು ನಮಗೆ ಗೊತ್ತಾಗುತ್ತದೆ. ಕೆಲಸ ಅವಸರದಲ್ಲಿ ನಡೆದಿದೆ. ಸಲಿಕೆ ಹಿಡಿದವರಿಗೆ ತ್ರಾಣ ಇರಲಿಲ್ಲ, ಇಲ್ಲವೇ ಕೆಲಸ ಬರುತ್ತಿರಲಿಲ್ಲ.

ಆ ಸೂರಿಗೆ ಬಾಂಡ್ಲಿ ಹೊತ್ತವರು ಯಾರು? ಅಲ್ಲಿಂದಾಚೆ ನನ್ನ ತಲೆಯಲ್ಲಿ ಕೂತಿರುವ ಪ್ರಶ್ನೆ ಅದೊಂದೇ. ನಾನು ನಿಂತ ಜಾಗದಲ್ಲಿ ಅದಕ್ಕೆ ಉತ್ತರ ಹೇಳುವ ಒಂದು ಸಾಲೂ ಇರಲಿಲ್ಲ. ಯಾರ ಬಂಕರು ಎಂಬುದು ಮಾತ್ರ ಗೊತ್ತಾಗುತ್ತಿತ್ತು. ಗೈಡ್ ಹೇಳಿದ್ದೂ ಅಷ್ಟೇ: ಜಪಾನಿಯರದು, ಯುದ್ಧದ ಕಾಲದ್ದು, ಹತ್ತು ನಿಮಿಷ ಟೈಮ್ ಇದೆ.

ಊರಿಗೆ ಬಂದ ಮೇಲೆ ಓದಿದೆ. ನಿಮಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತಿದ್ದರೆ ಸಹಿಸಿಕೊಳ್ಳಿ. ಈ ಪತ್ರ ಓದುವ ಬಹಳ ಜನರಿಗೆ ಇದು ಗೊತ್ತಿಲ್ಲ.

1942ರ ಫೆಬ್ರವರಿ 15ರಂದು ಸಿಂಗಪುರ ಬಿತ್ತು. ಮಾರ್ಚ್ ಮೊದಲ ಭಾಗದಲ್ಲಿ ರಂಗೂನ್ ಕೈಬಿಟ್ಟಿತು. ಅಂಡಮಾನನ್ನು ಉಳಿಸಿಕೊಳ್ಳಲಾಗದು ಎಂದು ಬ್ರಿಟಿಷರು ಅಲ್ಲಿದ್ದ ಪಡೆಯನ್ನು ವಾಪಸ್ ಕರೆಸಿಕೊಂಡರು. ಮಾರ್ಚ್ 23ರಂದು ಜಪಾನಿ ಸೈನಿಕರು ಬಂದಿಳಿದಾಗ ಅವರಿಗೆ ಎದುರಾಳಿಗಳೇ ಇರಲಿಲ್ಲ. ಸರ್ಕಾರ ಹಡಗು ಹತ್ತಿ ಹೊರಟುಹೋಗಿತ್ತು, ಜನ ಅಲ್ಲೇ ಉಳಿದಿದ್ದರು. ಕರಿನೀರಿನ ಶಿಕ್ಷೆಗೆ ಒಳಗಾಗಿ ಬಂದು ಬಿಡುಗಡೆಯಾದ ಮೇಲೆ ಅಲ್ಲಿಯೇ ಮನೆಮಾಡಿಕೊಂಡವರು, ಅವರ ಮಕ್ಕಳು, ಗುಮಾಸ್ತರು, ಡಾಕ್ಟರು, ಮೇಷ್ಟ್ರು, ಬರ್ಮಾದಿಂದ ತಂದು ನೆಲೆಗೊಳಿಸಿದ ಕರೆನ್ ಜನ. ಬಂದಿಳಿದ ಕೆಲವೇ ದಿನಗಳಲ್ಲಿ ಅಬರ್ಡೀನ್ ಬಜಾರಿನ ಕಡೆ ಕೋಳಿಗಾಗಿ ಮನೆಗೆ ನುಗ್ಗಿದ ಸೈನಿಕರ ಮೇಲೆ ಜುಲ್ಫಿಕರ್ ಅಲಿ ಎಂಬ ಹುಡುಗ ಏರ್‌ಗನ್ ಹಾರಿಸಿದ. ಅವನನ್ನು ಹಿಂಸಿಸಿ, ಜನರ ಎದುರಿಗೇ ಗುಂಡಿಕ್ಕಿ ಕೊಂದರು. ಮುಂದೇನು ಕಾದಿದೆ ಎಂದು ಊರಿಗೆ ಆ ದಿನವೇ ತಿಳಿಯಿತು.

ಆಮೇಲೆ ಕೋಟೆ ಕಟ್ಟುವ ಕೆಲಸ ಶುರುವಾಯಿತು. ಬ್ರಿಟಿಷರು ಕಡಲಿನಿಂದ ಮರಳಿ ಬರುತ್ತಾರೆ ಎಂಬ ಲೆಕ್ಕದಲ್ಲಿ ದಂಡೆಯ ಮೇಲೆ ಬಂಕರು, ಗುಡ್ಡದಲ್ಲಿ ಕಂದಕ, ಫಿರಂಗಿ ಕೂರಿಸಲು ಕಟ್ಟೆ. ಲಂಬಾ ಲೈನಿನಲ್ಲಿ ವಿಮಾನ ಇಳಿಯಲು ಪಟ್ಟಿ. ಕೆಲಸಕ್ಕೆ ಆಳು ಬೇಕಲ್ಲ. ಊರಿನ ಗಂಡಸರನ್ನು ಹಿಡಿದು ತಂದರು. ಗುಮಾಸ್ತನೂ ಮಣ್ಣು ಹೊರಬೇಕು, ಮೇಷ್ಟ್ರೂ ಹೊರಬೇಕು. ಇಂದು ನಾವು ಅಂಡಮಾನಿಗೆ ಹೋದಾಗ ವಿಮಾನ ನೆಲ ಮುಟ್ಟುವುದು ಆ ಲಂಬಾ ಲೈನ್ ಭಾಗದಲ್ಲೇ. ನಮ್ಮ ಗಾಡಿಯ ಡ್ರೈವರು, ಅಲ್ಲೇ ಹುಟ್ಟಿ ಬೆಳೆದ ಹುಡುಗ, ಬಂಕರಿನಿಂದ ವಾಪಸ್ ಬರುವಾಗ ತಾನಾಗಿಯೇ ಹೇಳಿದ. ಅವನ ಅಜ್ಜಿಯ ಅಪ್ಪ ಆ ಪಟ್ಟಿಗೆ ಕಲ್ಲು ಹೊತ್ತಿದ್ದರಂತೆ. "ಮನೆಯಲ್ಲಿ ಅದರ ಮಾತು ತೆಗೆದರೆ ಅಜ್ಜಿ ಎದ್ದು ಒಳಗೆ ಹೋಗುತ್ತಿದ್ದಳು ಸಾರ್" ಎಂದ. ಆ ಹುಡುಗನ ಸಮುದಾಯವನ್ನು ಅಂಡಮಾನಿನಲ್ಲಿ ಇಂದಿಗೂ 'ಪ್ರೀ-42' ಎನ್ನುತ್ತಾರೆ, ಎಂದರೆ 1942ಕ್ಕಿಂತ ಮೊದಲು ಅಲ್ಲಿ ನೆಲೆನಿಂತವರು. ಸರ್ಕಾರಿ ಕಾಗದಗಳಲ್ಲೂ ಆ ಹೆಸರಿದೆ. ಆ ಇಸವಿ ಅಷ್ಟು ಜನರ ಗುರುತಾಗಿ ಉಳಿದಿರುವಾಗ, ಬಂಕರಿನ ಪಕ್ಕದ ಫಲಕದಲ್ಲಿ ಆ ಜನರಿಗೆ ಜಾಗ ಇಲ್ಲವೆಂದರೆ ಹೇಗೆ?

ಬಂಕರಿನ ಒಳಗೆ ನಿಂತು ಗೋಡೆಯ ಸೀಳಿನಿಂದ ಹೊರಗೆ ನೋಡಿದರೆ ಅದರ ಕೆಲಸವೇನೆಂದು ತಿಳಿಯುತ್ತದೆ. ಮೆಷಿನ್‌ಗನ್ನಿನ ನಳಿಕೆ ಎಡಬಲಕ್ಕೆ ತಿರುಗುವಷ್ಟು ಅಗಲ, ಹೊರಗಿನ ಗುಂಡು ಸುಲಭಕ್ಕೆ ಒಳಬರದಷ್ಟು ಕಿರಿದು. ಎದುರಿಗೆ ಬರೀ ಕಡಲು. ಆದರೆ ಆ ಕಡಲಿನಿಂದ ಯಾವ ಸೈನ್ಯವೂ ಬಂದಿಳಿಯಲಿಲ್ಲ. ಬ್ರಿಟಿಷರು ಆಕಾಶದಿಂದ ಬಾಂಬು ಹಾಕಿದರು. 1944ರ ಜೂನ್‌ನಲ್ಲಿ ಇಲಸ್ಟ್ರಿಯಸ್ ಎಂಬ ವಿಮಾನವಾಹಕ ಹಡಗಿನಿಂದ ಹಾರಿದ ವಿಮಾನಗಳು ಪೋರ್ಟ್ ಬ್ಲೇರ್ ಮೇಲೆ ದಾಳಿ ಮಾಡಿದವು. ಅವರ ಸೈನ್ಯ ನೆಲಕ್ಕೆ ಕಾಲಿಟ್ಟದ್ದು ಜಪಾನ್ ಶರಣಾದ ಮೇಲೆ, 1945ರ ಅಕ್ಟೋಬರ್‌ನಲ್ಲಿ. ಅಂದರೆ ಇಷ್ಟೆಲ್ಲ ಕಾಂಕ್ರೀಟು ಕಾದು ಕೂತಿದ್ದ ಯುದ್ಧ ಆ ದಂಡೆಯಲ್ಲಿ ನಡೆಯಲೇ ಇಲ್ಲ. ಸಾವು ನಡೆದದ್ದು ಬಂಕರಿನ ಹಿಂದೆ, ಊರಿನೊಳಗೆ, ಜೈಲಿನೊಳಗೆ, ಕಾಡಿನಂಚಿನ ಹಳ್ಳಿಗಳಲ್ಲಿ. ಬಂಕರನ್ನು ಬರೀ ಸೈನ್ಯದ ಕಟ್ಟಡ ಎಂದು ತೋರಿಸಿದರೆ ಅರ್ಧವನ್ನೂ ಹೇಳಿದಂತಾಗುವುದಿಲ್ಲ ಎಂದು ನಾನು ಅನ್ನುವುದು ಇದಕ್ಕೇ.

ಸೆಲ್ಯುಲಾರ್ ಜೈಲನ್ನೇ ತೆಗೆದುಕೊಳ್ಳಿ. 1896ರಲ್ಲಿ ಕೆಲಸ ಶುರುವಾಗಿ 1906ರಲ್ಲಿ ಮುಗಿದ ಆ ಜೈಲು ನಮಗೆಲ್ಲ ಸ್ವಾತಂತ್ರ್ಯ ಹೋರಾಟಗಾರರ ಜೈಲು. ಗಾಣ ತಿರುಗಿಸಿದ್ದು, ನೇಣುಗಂಬ, 1937ರ ಉಪವಾಸ, ಎಲ್ಲ ಗೊತ್ತು. ಆ ಉಪವಾಸದ ನಂತರ ರಾಜಕೀಯ ಕೈದಿಗಳನ್ನು 1938ರ ಹೊತ್ತಿಗೆ ಮುಖ್ಯ ಭೂಮಿಗೆ ವಾಪಸ್ ಕಳಿಸಿದರು. ಅಲ್ಲಿಗೆ ಕಥೆ ಮುಗಿಯಿತು ಎಂದೇ ನಮ್ಮ ಬಹಳ ಜನ ಅಂದುಕೊಂಡಿದ್ದಾರೆ. ನಾಲ್ಕೇ ವರ್ಷದಲ್ಲಿ ಆ ಕೋಣೆಗಳು ಮತ್ತೆ ತುಂಬಿದವು. ಈ ಸಲ ಒಳಗಿದ್ದವರು ದ್ವೀಪದವರೇ.

ಅವರಲ್ಲಿ ಡಾಕ್ಟರ್ ದಿವಾನ್ ಸಿಂಗ್ ಒಬ್ಬರು. ಸರ್ಕಾರಿ ವೈದ್ಯರಾಗಿ ಅಂಡಮಾನಿಗೆ ಹೋದ ಸಿಖ್ಖರು, ಪಂಜಾಬಿಯಲ್ಲಿ ಪದ್ಯ ಬರೆಯುತ್ತಿದ್ದರು, 'ಕಾಲೇಪಾನಿ' ಎಂಬುದೇ ಅವರ ಹೆಸರಿನ ಜೊತೆ ನಿಂತಿತು. ಪೋರ್ಟ್ ಬ್ಲೇರಿನ ಗುರುದ್ವಾರ ಕಟ್ಟಲು ನಿಂತವರು ಅವರೇ. ಇಂಡಿಯನ್ ಇಂಡಿಪೆಂಡೆನ್ಸ್ ಲೀಗಿನ ಸ್ಥಳೀಯ ಶಾಖೆಯ ಮುಂದಾಳಾಗಿದ್ದರು. ಅಂದರೆ ಜಪಾನಿಯರ ಜೊತೆ ಸೇರಿ ಬ್ರಿಟಿಷರನ್ನು ಓಡಿಸಬೇಕೆಂದು ಹೊರಟ ಸಂಘಟನೆಯವರು. ಅವರನ್ನೇ 1943ರ ಅಕ್ಟೋಬರ್‌ನಲ್ಲಿ ಗೂಢಚಾರ ಎಂದು ಹಿಡಿದರು. ಎಂಬತ್ತಕ್ಕೂ ಹೆಚ್ಚು ದಿನ ಚಿತ್ರಹಿಂಸೆ. 1944ರ ಜನವರಿ 14ರಂದು ಜೈಲಿನಲ್ಲೇ ತೀರಿಕೊಂಡರು.

ಗೂಢಚಾರಿಕೆಯ ಅನುಮಾನ ಎಲ್ಲಿಂದ ಬಂತು ಎಂಬುದನ್ನು ಓದಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು. 1943ರ ಜನವರಿಯಲ್ಲಿ ಬ್ರಿಟಿಷರ ಒಂದು ಗುಪ್ತ ತಂಡ ಜಲಾಂತರ್ಗಾಮಿಯಲ್ಲಿ ಬಂದು ಕಾಡಿನಲ್ಲಿ ಅಡಗಿತ್ತು. ಅದರ ಮುಖ್ಯಸ್ಥ ಡೆನಿಸ್ ಮೆಕಾರ್ಥಿ ಹಿಂದೆ ಅಂಡಮಾನಿನಲ್ಲೇ ಪೊಲೀಸ್ ಅಧಿಕಾರಿಯಾಗಿದ್ದವನು. ಸುದ್ದಿ ಸಂಗ್ರಹಿಸಿ ಹೋದದ್ದು ಆ ತಂಡ. ಇತ್ತ ಜಪಾನಿ ಹಡಗುಗಳು ಒಂದೊಂದಾಗಿ ಮುಳುಗಿದಾಗಲೆಲ್ಲ, ಬಾಂಬು ಬಿದ್ದಾಗಲೆಲ್ಲ ಊರಿನೊಳಗೆ ಯಾರೋ ಸುಳಿವು ಕೊಡುತ್ತಿದ್ದಾರೆಂದು ಊರಿನವರನ್ನು ಎಳೆದುಕೊಂಡು ಹೋದರು. ಹೊಡೆತ ತಾಳಲಾರದವನು ಇನ್ನೊಬ್ಬನ ಹೆಸರು ಹೇಳಿದ, ಅವನು ಮತ್ತೊಬ್ಬನದು.

1944ರ ಜನವರಿ 30ರಂದು 44 ಜನರನ್ನು ಹೊಂಫ್ರೆಗಂಜ್ ಎಂಬ ಹಳ್ಳಿಗೆ ಒಯ್ದು, ಕಂದಕದ ಅಂಚಿನಲ್ಲಿ ನಿಲ್ಲಿಸಿ ಗುಂಡು ಹಾರಿಸಿದರು. ಬಹುಪಾಲು ಅದೇ ಲೀಗಿನ ಸದಸ್ಯರು. ಅಲ್ಲಿ ಸ್ಮಾರಕ ಇದೆ, ಪ್ರತಿ ವರ್ಷ ಆ ದಿನ ದ್ವೀಪದವರು ಹೋಗಿ ಹೂವಿಟ್ಟು ಬರುತ್ತಾರೆ. ಅದಕ್ಕೆ ನಿಮಗೂ ದ್ವೀಪದ ಜನರಿಗೂ ನನ್ನ ನಮಸ್ಕಾರ. ಆದರೆ ನಮ್ಮ ಪ್ಯಾಕೇಜಿನಲ್ಲಿ ಅದು ಇರಲಿಲ್ಲ. ಆಮೇಲೆ ನಾನು ವಿಚಾರಿಸಿದ ನಮ್ಮೂರಿನ ಟ್ರಾವೆಲ್ಸಿನವರ ಯಾವ ಪ್ಯಾಕೇಜಿನಲ್ಲೂ ಇಲ್ಲ. ಜೈಲು, ರಾಸ್ ದ್ವೀಪ, ನಾರ್ತ್ ಬೇ, ಹ್ಯಾವ್‌ಲಾಕ್, ನೀಲ್, ಬಾರಾಟಾಂಗಿನ ಗುಹೆ. ಹಳೆಯ 20 ರೂಪಾಯಿ ನೋಟನ್ನು ಕೈಯಲ್ಲಿ ಹಿಡಿದು ಅದೇ ದೃಶ್ಯ ಇದು ಎಂದು ತೋರಿಸುವುದಕ್ಕೆ ಬೋಟಿನಲ್ಲಿ ಪುರುಸೊತ್ತಿರುತ್ತದೆ. ಜಪಾನಿ ಬಾಂಬು ಬಿದ್ದ ಗುಂಡಿಯನ್ನು ಚಾಥಮ್ ಸಾಮಿಲ್ಲಿನಲ್ಲಿ ತೋರಿಸುತ್ತಾರೆ. 44 ಜನ ಬಿದ್ದ ಜಾಗ ಮಾತ್ರ ಯಾರ ಪಟ್ಟಿಯಲ್ಲೂ ಇಲ್ಲ.

ಹ್ಯಾವ್‌ಲಾಕ್ ಹೆಸರು ಬಂದಿದ್ದರಿಂದ ಅದನ್ನೂ ಹೇಳಿಯೇ ಮುಂದೆ ಹೋಗಬೇಕು. ಈಗ ಅದು ಸ್ವರಾಜ್ ದ್ವೀಪ. ರಾಧಾನಗರ ಬೀಚಿನಲ್ಲಿ ಸೂರ್ಯಾಸ್ತ ನೋಡದೆ ಯಾವ ಕನ್ನಡದ ಕುಟುಂಬವೂ ವಾಪಸ್ ಬರುವುದಿಲ್ಲ. 1945ರ ಹೊತ್ತಿಗೆ ಅಂಡಮಾನಿಗೆ ಹಡಗು ಬರುವುದು ನಿಂತು ಅನ್ನಕ್ಕೆ ತತ್ವಾರವಾಗಿತ್ತು. ದುಡಿಯಲಾರದ ಬಾಯಿಗಳು ಹೆಚ್ಚಾದವು ಎಂದು ಜಪಾನಿ ಅಧಿಕಾರಿಗಳು ಲೆಕ್ಕ ಹಾಕಿದರು. ಆಗಸ್ಟ್‌ನಲ್ಲಿ, ಯುದ್ಧ ಇನ್ನೇನು ಮುಗಿಯಿತು ಎನ್ನುವಾಗ, ಬೇಸಾಯ ಮಾಡಲು ಹೊಸ ಜಾಗ ಕೊಡುತ್ತೇವೆ ಎಂದು ಹೇಳಿ ನೂರಾರು ಜನರನ್ನು ದೋಣಿಗಳಲ್ಲಿ ತುಂಬಿ ಹ್ಯಾವ್‌ಲಾಕ್ ಕಡೆಗೆ ಒಯ್ದರು. ದಂಡೆ ತಲುಪುವ ಮೊದಲೇ ಕಡಲಿಗೆ ತಳ್ಳಿದರು. ಈಜಿ ದಡ ಸೇರಿದವರಲ್ಲೂ ಬಹುಪಾಲು ಜನ ಆ ನಿರ್ಜನ ದ್ವೀಪದಲ್ಲಿ ಹಸಿವಿನಿಂದ ಸತ್ತರು. ಬದುಕಿ ಬಂದವರು ಬೆರಳೆಣಿಕೆಯಷ್ಟು. ಯುದ್ಧದ ನಂತರ ಸಿಂಗಪುರದಲ್ಲಿ ವಿಚಾರಣೆ ನಡೆದು ಅಂಡಮಾನಿನ ಅಪರಾಧಗಳಿಗೆ ಅಧಿಕಾರಿಗಳಿಗೆ ಶಿಕ್ಷೆಯಾಯಿತು. ಕೊನೆಗೆ ಹೀಗೆ ಕಡಲು ಪಾಲಾದವರಲ್ಲಿ ಹಿಂದಿನ ವರ್ಷ ಬಂಕರಿಗೆ ಜಲ್ಲಿ ಹೊತ್ತವರೂ ಇದ್ದಿರಬಹುದು. ನನಗೆ ಹಾಗೆ ಯೋಚಿಸದೆ ಇರಲು ಆಗುವುದಿಲ್ಲ.

ಕಾರ್ ನಿಕೋಬಾರಿನಲ್ಲೂ ಇದೇ ಆಯಿತು. ಅಲ್ಲಿನ ಆದಿವಾಸಿಗಳಿಂದ ವಿಮಾನ ಪಟ್ಟಿ ಕಟ್ಟಿಸಿದರು, ಗೂಢಚಾರರೆಂದು ಹಲವರನ್ನು ಕೊಂದರು. ಬಿಷಪ್ ಜಾನ್ ರಿಚರ್ಡ್‌ಸನ್ ಸಾವಿನ ಬಾಗಿಲವರೆಗೆ ಹೋಗಿ ಉಳಿದುಕೊಂಡರು, ಮುಂದೆ ಮೊದಲ ಲೋಕಸಭೆಯಲ್ಲಿ ದ್ವೀಪಗಳ ದನಿಯಾಗಿ ಕೂತರು. ನಿಕೋಬಾರಿಗೆ ಪ್ರವಾಸಿಗರು ಹೋಗುವಂತಿಲ್ಲ, ಅದು ಸರಿಯಾದ್ದೇ. ಅಲ್ಲಿನ ಕಥೆಯನ್ನಾದರೂ ಪೋರ್ಟ್ ಬ್ಲೇರಿನಲ್ಲೇ ಹೇಳಬಹುದು.

ನಮ್ಮ ಕಡೆ ಹಳ್ಳಿಯ ಹೊರಗೆ, ಕೆರೆ ಏರಿಯ ಮೇಲೆ, ಬೇಲಿಯ ಸಂದಿಯಲ್ಲಿ ವೀರಗಲ್ಲುಗಳು ನಿಂತಿರುತ್ತವೆ. ನೀವು ಎಂದಾದರೂ ಕರ್ನಾಟಕಕ್ಕೆ ಬಂದರೆ ಖಂಡಿತ ನೋಡಿ. ಕೆಳಗಿನ ಪಟ್ಟಿಕೆಯಲ್ಲಿ ಸತ್ತ ವೀರ ಹೋರಾಡಿದ್ದು, ನಡುವೆ ಅಪ್ಸರೆಯರು ಅವನನ್ನು ಎತ್ತಿ ಒಯ್ಯುವುದು, ಮೇಲೆ ಕೈಲಾಸ. ಅಕ್ಷರ ಕೆತ್ತಿದ ಕಲ್ಲುಗಳಲ್ಲಿ ಯಾರು ಸತ್ತ, ಯಾವ ಊರಿನ ತುರು ಬಿಡಿಸಲು ಹೋಗಿ ಸತ್ತ, ಕಲ್ಲು ನಿಲ್ಲಿಸಿದವರು ಯಾರು ಎಂದೂ ಇರುತ್ತದೆ. ಸತ್ತವನು ರಾಜನಾಗಿರಬೇಕಿಲ್ಲ. ದನ ಕಾಯುತ್ತಿದ್ದವನೂ ಇರುತ್ತಾನೆ. ಸಾವಿರ ವರ್ಷದ ಹಿಂದೆ ಒಂದು ಹಳ್ಳಿಗೆ ತನ್ನವನ ಹೆಸರನ್ನು ಅವನು ಬಿದ್ದ ಜಾಗದಲ್ಲೇ ಕೆತ್ತಿಸುವ ಶಕ್ತಿ ಇತ್ತು. ಆ ಕಲ್ಲುಗಳ ನಡುವೆ ಬೆಳೆದು ಬಂದ ನನಗೆ, ಹೆಸರೇ ಇಲ್ಲದ ಆ ಬಂಕರಿನ ಗೋಡೆ ಸಹಿಸಲು ಕಷ್ಟವಾಗುತ್ತದೆ.

ಇದು ಯಾರೂ ಮಾಡದ ಕೆಲಸವಲ್ಲ. ಸಿಂಗಪುರದ ಸೆಂಟೋಸಾ ದ್ವೀಪದಲ್ಲಿ ಬ್ರಿಟಿಷರು ಕಟ್ಟಿದ ಸಿಲೋಸೊ ಕೋಟೆ ಇದೆ. ಅದೂ ಕಡಲ ಕಡೆಯ ಶತ್ರುವಿಗಾಗಿ ಫಿರಂಗಿ ಕೂರಿಸಿಕೊಂಡು ಕಾದದ್ದೇ. ಅಲ್ಲಿ ಜಪಾನಿಯರು ಬಂದದ್ದು ಉತ್ತರದಿಂದ, ಮಲಯದ ನೆಲದ ದಾರಿಯಲ್ಲಿ. ಸಿಂಗಪುರ ಬಿದ್ದು 80 ವರ್ಷ ತುಂಬಿದ ದಿನ, 2022ರ ಫೆಬ್ರವರಿ 15ರಂದು, ಆ ಕೋಟೆಯನ್ನು ರಾಷ್ಟ್ರೀಯ ಸ್ಮಾರಕ ಎಂದು ಸಾರಿದರು. ಸುರಂಗ, ಮದ್ದಿನ ಕೋಣೆ, ಶರಣಾಗತಿಯ ಮಾತುಕತೆಯ ಮೇಣದ ಗೊಂಬೆ ಎಲ್ಲ ಅಲ್ಲಿವೆ. ಅದಕ್ಕಿಂತ ನನಗೆ ಮುಖ್ಯ ಎನಿಸಿದ್ದು ಇನ್ನೊಂದು. ಊರಿನ ಬೀದಿಗಳಲ್ಲಿ, ಜಪಾನಿಯರು ಚೀನೀ ಗಂಡಸರನ್ನು ಸಾಲಾಗಿ ನಿಲ್ಲಿಸಿ ಆರಿಸಿ ಕೊಲ್ಲಲು ಒಯ್ದ ಜಾಗಗಳಲ್ಲಿ, ತೆರೆದ ಪುಸ್ತಕದ ಆಕಾರದ ಫಲಕಗಳಿವೆ. ತಮಿಳೂ ಸೇರಿ ಹಲವು ಭಾಷೆಗಳಲ್ಲಿ ಇಲ್ಲಿ ಏನಾಯಿತು ಎಂದು ಬರೆದಿದೆ. ದೊಡ್ಡ ಖರ್ಚಿನ ಕೆಲಸವೇನಲ್ಲ.

ಈಗ ನನ್ನ ಕಸುಬಿನ ಮಾತು. ಫಲಕ ನಿಲ್ಲಿಸುವ ಹೊತ್ತಿಗೆ ಬಂಕರೇ ಉಳಿಯದಿದ್ದರೆ ಏನು ಮಾಡೋಣ? ನಾನು ನೋಡಿದ ಗೋಡೆಗಳಲ್ಲಿ ಕಂಬಿ ಹೊರಬಂದಿದೆ. ಕಾಂಕ್ರೀಟಿನ ಒಳಗಿನ ಕಂಬಿಗೆ ಕವರ್, ಎಂದರೆ ಕಂಬಿಯನ್ನು ಮುಚ್ಚುವ ಕಾಂಕ್ರೀಟಿನ ದಪ್ಪ, ಕಡಿಮೆ ಬಿಟ್ಟು ಕಟ್ಟಿದ್ದಾರೆ, ಉಪ್ಪು ಗಾಳಿ ಎಂಬತ್ತು ವರ್ಷ ಅದರ ಮೇಲೆ ಬೀಸಿದೆ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ ಊರು ಅದು. ಉಪ್ಪು ಒಳಗಿಳಿದರೆ ಕಂಬಿ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಮೇಲಿನ ಕಾಂಕ್ರೀಟನ್ನು ಒಳಗಿನಿಂದ ಒದ್ದು ಬೀಳಿಸುತ್ತದೆ. ಹಲಗೆಯ ಅಚ್ಚು ಇರುವ ಪದರವೇ ಮೊದಲು ಬೀಳುವುದು. ಅದು ಬಿದ್ದರೆ ಆ ಕೈಗಳ ಗುರುತೇ ಹೋದಂತೆ. ಇದರ ಜೊತೆಗೆ 2004ರ ಡಿಸೆಂಬರ್ 26ರ ಭೂಕಂಪದಲ್ಲಿ ಪೋರ್ಟ್ ಬ್ಲೇರ್ ಸುತ್ತಲಿನ ನೆಲ ಹೆಚ್ಚು ಕಡಿಮೆ ಒಂದು ಮೀಟರ್ ಕುಸಿದಿದೆ. ಸಿಪ್ಪಿಘಾಟಿನ ಗದ್ದೆಗಳಿಗೆ ಕಡಲು ನುಗ್ಗಿದ್ದು ನಿಮಗೇ ಗೊತ್ತು. ದಂಡೆಯ ಬಂಕರುಗಳಿಗೂ ಅಲೆ ಅಷ್ಟು ಹತ್ತಿರ ಬಂದಿದೆ.

ದಯವಿಟ್ಟು ಅವುಗಳಿಗೆ ಸಿಮೆಂಟ್ ಗಾರೆ ಮೆತ್ತಿಸಬೇಡಿ, ಆಯಿಲ್ ಪೇಂಟ್ ಹೊಡೆಸಬೇಡಿ. ನಮ್ಮ ಕಡೆಯ ಎಷ್ಟೋ ಹಳೆಯ ಗುಡಿಗಳು ಆ ಉಪಕಾರದಿಂದಲೇ ಹಾಳಾಗಿವೆ. ಪೇಂಟಿನ ಪದರ ತೇವವನ್ನು ಒಳಗೇ ಹಿಡಿದಿಡುತ್ತದೆ, ಕಂಬಿ ಇನ್ನೂ ಬೇಗ ತಿನ್ನಲ್ಪಡುತ್ತದೆ. ಮೊದಲು ಸೂರಿನ ಮೇಲೆ ನೀರು ನಿಲ್ಲದಂತೆ ಮಾಡಿ. ಒಳಗಿನ ಮರಳು, ಕಸ ತೆಗೆಸಿ ನೀರು ಹರಿದುಹೋಗುವ ದಾರಿ ಬಿಡಿಸಿ. ಬಿದ್ದುಹೋಗುವ ಹಾಗಿರುವ ಕಡೆ ಮಾತ್ರ ತುಕ್ಕು ಉಜ್ಜಿ, ಅದಕ್ಕೆಂದೇ ಬರುವ ಮಾರ್ಟರ್ ಹಾಕಿಸಿ, ಹಾಕಿದ ತೇಪೆ ತೇಪೆಯಾಗಿಯೇ ಕಾಣಲಿ. ರಾಸ್ ದ್ವೀಪದಲ್ಲಿ ಹಡಗುಕಟ್ಟೆಯ ಹತ್ತಿರದ ಬಂಕರನ್ನೂ ಹಿಂದಿನ ಬ್ರಿಟಿಷ್ ಕಟ್ಟಡಗಳನ್ನೂ ನೋಡಿದೆ; ಅಲ್ಲಿ ಆಲದ ಜಾತಿಯ ಬೇರುಗಳು ಗೋಡೆಗಳನ್ನು ತಬ್ಬಿಕೊಂಡಿವೆ. ಅಂಥ ಬೇರನ್ನು ಒಮ್ಮೆಲೇ ಕಿತ್ತರೆ ಗೋಡೆಯೂ ಬರುತ್ತದೆ. ಎಲ್ಲಿ ಬೇರೇ ಗೋಡೆಯನ್ನು ಹಿಡಿದು ನಿಲ್ಲಿಸಿದೆಯೋ ಅಲ್ಲಿ ಬಿಡುವುದೇ ಜಾಣತನ. ಎಲ್ಲಕ್ಕಿಂತ ಮುಂಚೆ ಪ್ರತಿ ಬಂಕರಿನ ಅಳತೆ ತೆಗೆಸಿ, ನಕ್ಷೆ ಬರೆಸಿ, ಫೋಟೊ ತೆಗೆಸಿಡಿ. ನಿಮ್ಮೂರಿನ ಪಾಲಿಟೆಕ್ನಿಕ್ ಮಕ್ಕಳು ಒಂದು ರಜೆಯಲ್ಲಿ ಮುಗಿಸಬಲ್ಲ ಕೆಲಸ ಇದು, ಅವರಿಗೂ ಕಲಿಕೆಯಾಗುತ್ತದೆ.

ನಿಮಗೆ ಒಂದು ಅಳುಕು ಇರಬಹುದು, ಅದನ್ನೂ ಬಿಚ್ಚಿಯೇ ಮಾತಾಡುತ್ತೇನೆ. 1943ರ ಡಿಸೆಂಬರ್ 29ರಂದು ನೇತಾಜಿ ಸುಭಾಷ್ ಚಂದ್ರ ಬೋಸ್ ಅಂಡಮಾನಿಗೆ ಬಂದರು, ಮರುದಿನ ಜಿಮ್‌ಖಾನಾ ಮೈದಾನದಲ್ಲಿ ತ್ರಿವರ್ಣ ಧ್ವಜ ಹಾರಿಸಿದರು. ದ್ವೀಪಗಳಿಗೆ ಶಹೀದ್, ಸ್ವರಾಜ್ ಎಂದು ಹೆಸರು ಕೊಟ್ಟರು. 2018ರಲ್ಲಿ ರಾಸ್, ನೀಲ್, ಹ್ಯಾವ್‌ಲಾಕ್ ದ್ವೀಪಗಳ ಹೆಸರು ಬದಲಾದದ್ದೂ ಆ ನೆನಪಿಗೇ, ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆದದ್ದು 2024ರಲ್ಲಿ. ಜಪಾನಿಯರ ಕ್ರೌರ್ಯದ ಮಾತು ಎತ್ತಿದರೆ ನೇತಾಜಿಯವರ ಆ ದಿನಕ್ಕೆ ಕಪ್ಪು ಹಚ್ಚಿದಂತೆ ಆಗುತ್ತದೆಯೇ ಎಂದು ಯಾರಾದರೂ ಕೇಳಬಹುದು.

ನಮ್ಮ ಮನೆಯ ನಡುಮನೆಯಲ್ಲಿ ನಾನು ಹುಟ್ಟುವ ಮೊದಲಿನಿಂದ ನೇತಾಜಿಯವರ ಚಿತ್ರವಿದೆ. ಆ ಅಭಿಮಾನದಿಂದಲೇ ಹೇಳುತ್ತೇನೆ, ಹಾಗಾಗುವುದಿಲ್ಲ. ಅವರು ಸೆಲ್ಯುಲಾರ್ ಜೈಲನ್ನು ನೋಡಿದ ದಿನ ದಿವಾನ್ ಸಿಂಗ್ ಅದೇ ಜೈಲಿನಲ್ಲಿ ಸಾವು ಬದುಕಿನ ನಡುವೆ ಇದ್ದರು. ಜಪಾನಿಯರು ನೇತಾಜಿಯವರನ್ನು ಆ ಕೈದಿಗಳ ಬಳಿಗೆ ಬಿಡಲಿಲ್ಲ, ಊರಿನವರ ಜೊತೆ ಮನಬಿಚ್ಚಿ ಮಾತಾಡಲೂ ಬಿಡಲಿಲ್ಲ. ದ್ವೀಪಗಳ ಆಡಳಿತ ನೋಡಲು ನೇತಾಜಿ ಕಳಿಸಿದ ಎ. ಡಿ. ಲೋಗನಾಥನ್ ಅವರ ಕೈಗೂ ಜಪಾನಿ ನೌಕಾಪಡೆ ನಿಜವಾದ ಅಧಿಕಾರ ಕೊಡಲಿಲ್ಲ, ಶಿಕ್ಷಣದಂಥ ಒಂದೆರಡು ಖಾತೆ ಬಿಟ್ಟುಕೊಟ್ಟಿತು ಅಷ್ಟೇ. ಹೊಂಫ್ರೆಗಂಜಿನಲ್ಲಿ ಬಿದ್ದವರು ನೇತಾಜಿಯವರ ದಾರಿ ನಂಬಿ ಲೀಗು ಸೇರಿದವರು. ಅವರನ್ನು ನೆನೆಯುವುದು ಆ ಧ್ವಜಕ್ಕೆ ಮಾಡುವ ಮರ್ಯಾದೆಯೇ. ಧ್ವಜ ಹಾರಿಸಿದ ಅದೇ ಜಿಮ್‌ಖಾನಾ ಮೈದಾನದಲ್ಲಿ 1945ರ ಅಕ್ಟೋಬರ್‌ನಲ್ಲಿ ಜಪಾನಿ ಸೇನೆ ಶರಣಾಯಿತು. ಎರಡನ್ನೂ ಒಂದೇ ಮೈದಾನ ತಾಳಿಕೊಂಡಿತು. ಒಂದೇ ಫಲಕದಲ್ಲಿ ಎರಡನ್ನೂ ಬರೆಯಲು ಜಾಗ ಸಾಕು.

ಜಪಾನಿನಿಂದ ಬರುವ ಪ್ರವಾಸಿಗರ ಮನಸ್ಸು ನೋಯುತ್ತದೆ ಎಂಬ ಸಂಕೋಚವೂ ಬೇಡ. ಇದ್ದದ್ದನ್ನು ಇದ್ದಂತೆ ಬರೆದರೆ ಸಾಕು, ಬೈಗುಳದ ಒಂದು ಪದವೂ ಬೇಕಿಲ್ಲ. ಆ ಸೀಳಿನ ಹಿಂದೆ ಮೆಷಿನ್‌ಗನ್ ಹಿಡಿದು, ಮಲೇರಿಯಾ ಬಂದು, ಹಸಿದು ಕೂತಿದ್ದ ಸೈನಿಕನೂ ಯಾವುದೋ ಹಳ್ಳಿಯ ಹುಡುಗನೇ. ಅವನ ಮೊಮ್ಮಕ್ಕಳು ಬಂದರೆ ಅವರಿಗೂ ಸತ್ಯವೇ ಸಿಗಲಿ.

ಇನ್ನೊಂದು ಕೆಲಸ ಮಾತ್ರ ಮುಂದಕ್ಕೆ ಹಾಕುವಂತಿಲ್ಲ. 1942ರಲ್ಲಿ ಹತ್ತು ವರ್ಷದ ಮಗುವಾಗಿದ್ದವರಿಗೆ ಈಗ ತೊಂಬತ್ತು ದಾಟಿದೆ. ಅವರಲ್ಲಿ ಎಷ್ಟು ಜನ ಉಳಿದಿದ್ದಾರೋ ಅವರ ಮನೆಗೆ ಯಾರನ್ನಾದರೂ ಕಳಿಸಿ. ಒಂದು ಮೊಬೈಲು, ಒಂದಿಷ್ಟು ಸಹನೆ ಸಾಕು. ಅಪ್ಪನನ್ನು ಕರೆದೊಯ್ದ ದಿನ ಮನೆಯಲ್ಲಿ ಏನು ಅಡುಗೆಯಾಗಿತ್ತು, ಯಾವ ಗೆಡ್ಡೆ ತಿಂದು ಬದುಕಿದರು, ಬಟ್ಟೆ ಇಲ್ಲದೆ ಏನು ಉಟ್ಟರು ಎಂದು ಕೇಳಿ. ದೊಡ್ಡ ಪುಸ್ತಕಗಳಲ್ಲಿ ಸಿಗದ ಉತ್ತರಗಳು ಅವರ ಹತ್ತಿರ ಇವೆ. ಅವರು ಮಾತಾಡಲು ಒಲ್ಲೆ ಎಂದರೆ ಒತ್ತಾಯ ಬೇಡ. ನಮ್ಮ ಡ್ರೈವರ್ ಹುಡುಗನ ಅಜ್ಜಿಯಂತೆ ಎದ್ದು ಒಳಗೆ ಹೋಗುವ ಹಕ್ಕು ಅವರಿಗಿದೆ. ಮಕ್ಕಳು ಮೊಮ್ಮಕ್ಕಳು ಕೇಳಿಸಿಕೊಂಡಿದ್ದನ್ನಾದರೂ ಬರೆದಿಡಿ.

ಕನ್ನಡದಲ್ಲಿ ಓದುತ್ತಿರುವವರಿಗೂ ಒಂದು ಮಾತು. ನೀವು ಅಂಡಮಾನಿಗೆ ಬುಕ್ ಮಾಡುವಾಗ ಟ್ರಾವೆಲ್ಸಿನವರಿಗೆ ಹೊಂಫ್ರೆಗಂಜ್ ಸೇರಿಸಿ ಎಂದು ಕೇಳಿ. ಇಬ್ಬರು ಕೇಳಿದರೆ ಆಗುವುದಿಲ್ಲ ಎನ್ನುತ್ತಾರೆ, ಇಪ್ಪತ್ತು ಜನ ಕೇಳಿದರೆ ಪ್ಯಾಕೇಜಿಗೆ ಸೇರುತ್ತದೆ. ಬಂಕರಿನ ಮೇಲೆ ಹತ್ತಬೇಡಿ, ಆ ಸೂರಿಗೆ ಈಗ ಅಷ್ಟು ಶಕ್ತಿಯಿಲ್ಲ. ಇದನ್ನು ಎಂಜಿನಿಯರ್ ಆಗಿ ಹೇಳುತ್ತಿದ್ದೇನೆ. ಮಕ್ಕಳನ್ನು ಒಳಗೆ ಕರೆದುಕೊಂಡು ಹೋಗಿ ಹಲಗೆಯ ಅಚ್ಚು ತೋರಿಸಿ, ಇದನ್ನು ಹೊತ್ತವರು ಯಾರು ಎಂದು ಹೇಳಿ.

ಮಾನ್ಯರೇ, ಜನವರಿ 30 ಇಡೀ ದೇಶಕ್ಕೆ ಹುತಾತ್ಮರ ದಿನ. 1948ರಲ್ಲಿ ಗಾಂಧೀಜಿ ಬಿದ್ದ ದಿನ ಅದು. ಅದಕ್ಕೆ ಸರಿಯಾಗಿ ನಾಲ್ಕು ವರ್ಷ ಮೊದಲು ಅದೇ ತಾರೀಕಿಗೆ ಹೊಂಫ್ರೆಗಂಜಿನಲ್ಲಿ 44 ಜನ ಬಿದ್ದರು. ಬೆಳಿಗ್ಗೆ 11ಕ್ಕೆ ದೇಶವೆಲ್ಲ ಎರಡು ನಿಮಿಷ ನಿಲ್ಲುವಾಗ ದ್ವೀಪಕ್ಕೆ ಬಂದಿರುವ ಸಾವಿರಾರು ಪ್ರವಾಸಿಗರಿಗೆ ಈ ಇನ್ನೊಂದು ಸಂಗತಿ ತಿಳಿದಿರಲಿ. ಮುಂದಿನ ಜನವರಿ 30ರಂದು ಪೇಟೆಯಿಂದ ಸ್ಮಾರಕಕ್ಕೆ ಒಂದು ಬಸ್ಸು ಬಿಡಿಸಿ, ಅದು ಕಾರ್ಬಿನ್ಸ್ ಕೋವಿನ ಬಂಕರಿನ ಎದುರಿನಿಂದ ಹೊರಡಲಿ. ಅಷ್ಟರೊಳಗೆ ಒಂದೇ ಒಂದು ಫಲಕವಾದರೂ ಆ ಗೋಡೆಯ ಪಕ್ಕ ನಿಂತಿರಲಿ. ಅಳತೆ, ನಕ್ಷೆ, ದುರಸ್ತಿಯ ಲೆಕ್ಕಪತ್ರಕ್ಕೆ ಕೈ ಬೇಕಾದರೆ ಸ್ವಂತ ಖರ್ಚಿನಲ್ಲಿ ಬಂದು ಕೆಲಸ ಮಾಡಿಕೊಡಲು ನಾನು ಸಿದ್ಧನಿದ್ದೇನೆ. ನನ್ನಂಥ ನಿವೃತ್ತರು ನಮ್ಮ ಊರಿನಲ್ಲಿ ಇನ್ನೂ ಕೆಲವರಿದ್ದಾರೆ, ಅವರನ್ನೂ ಕರೆತರುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ನಿವೃತ್ತ ಸೈಟ್ ಎಂಜಿನಿಯರ್
ದಾವಣಗೆರೆ